ಸೇಬು ಸಂಸ್ಕರಣೆ: ಯಾವ ದೇಶದಲ್ಲಿ ಎಷ್ಟು ಅಂತ ಹೋಲಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು (ಮೈಸೂರು):
ನಮಸ್ಕಾರ. ಫುಡ್ ಟೆಕ್ನಾಲಜಿ ಎಂ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಚೀನಾ, ಯುರೋಪ್, ಅಮೆರಿಕ, ನಮ್ಮ ದೇಶ, ಈ ನಾಲ್ಕು ಕಡೆ ಎಷ್ಟು ಸೇಬು ಜ್ಯೂಸ್, ಜಾಮ್, ಸೈಡರ್‌ಗೆ (ಸೇಬಿನ ರಸ ಹುದುಗಿಸಿದ ಮದ್ಯ) ಹೋಗುತ್ತದೆ ಅಂತ ಹೋಲಿಸಬೇಕು. ಒಂದು ಕಡೆ ಟನ್, ಇನ್ನೊಂದು ಕಡೆ ಪೌಂಡ್, ಮತ್ತೊಂದು ಕಡೆ ಪೆಟ್ಟಿಗೆ. ಮೂರು ದಿನದಿಂದ ಕೂತಿದ್ದೇನೆ, ತಾಳೆಯಾಗುತ್ತಿಲ್ಲ. ದಾರಿ ತೋರಿಸಿ.

ಮಂಡ್ಯ, ಹಣ್ಣಿನ ರಸದ ಘಟಕದಲ್ಲಿ 11 ವರ್ಷ:
ತಂಗಿ, ಮೊದಲ ಸಲ ಇಂಥ ಪಟ್ಟಿ ಮಾಡಿದಾಗ ನಾನು ಚೀನಾದ ಸಾಲಿನಲ್ಲಿ ರಫ್ತಾದ ಕಾನ್ಸಂಟ್ರೇಟ್, ಅಂದರೆ ಇಂಗಿಸಿ ಗಟ್ಟಿ ಮಾಡಿದ ರಸದ ತೂಕ ಬರೆದಿದ್ದೆ. ಅಮೆರಿಕದ ಸಾಲಿನಲ್ಲಿ ಕಾರ್ಖಾನೆಗೆ ಹೋದ ಹಣ್ಣಿನ ತೂಕ. ಎರಡೂ ಟನ್ನೇ ಅಲ್ವಾ, ಯಾರಿಗೂ ಅನುಮಾನ ಬರಲಿಲ್ಲ. ವಾರ ಕಳೆದ ಮೇಲೆ ನನಗೇ ಹೊಳೆಯಿತು.

ನಮ್ಮ ಮನೆಯದು ಆಲೆಮನೆ. ಒಂದು ಟನ್ ಕಬ್ಬು ಅರೆದರೆ 100 ಕೆಜಿ ಆಸುಪಾಸು ಬೆಲ್ಲ. ಒಬ್ಬನ ಕಬ್ಬಿನ ತೂಕದ ಪಕ್ಕ ಇನ್ನೊಬ್ಬನ ಬೆಲ್ಲದ ತೂಕ ಇಟ್ಟು ಯಾರದ್ದು ಜಾಸ್ತಿ ಅಂತ ಕೇಳಿದರೆ ನಮ್ಮೂರಲ್ಲಿ ಯಾರೂ ಒಪ್ಪುವುದಿಲ್ಲ. ನಾನು ಮಾಡಿದ್ದು ಅದನ್ನೇ.

ಸೇಬಿನ ಲೆಕ್ಕ ಹೀಗಿದೆ. ಹಣ್ಣಿನ ತೂಕದಲ್ಲಿ ಮುಕ್ಕಾಲು ಭಾಗ ರಸ ಅಂತ ಇಟ್ಟುಕೊಳ್ಳಿ. ಅದರ ಬ್ರಿಕ್ಸ್, ಅಂದರೆ ರಸದಲ್ಲಿ ಸಕ್ಕರೆ ನೂರಕ್ಕೆ ಎಷ್ಟು ಅನ್ನುವ ಅಳತೆ, 12ರ ಸುತ್ತ. ಅದನ್ನು 70ಕ್ಕೆ ಬರುವವರೆಗೆ ಇಂಗಿಸುತ್ತಾರೆ. ಅಂದರೆ ಒಂದು ಕೆಜಿ ಕಾನ್ಸಂಟ್ರೇಟ್‌ಗೆ 7ರಿಂದ 8 ಕೆಜಿ ಹಣ್ಣು ಬೇಕು. ನಮ್ಮ ಘಟಕಕ್ಕೆ 200 ಲೀಟರ್ ಡ್ರಮ್‌ನಲ್ಲಿ ಬರುತ್ತಿತ್ತು. ಮುಚ್ಚಳ ತೆಗೆದು ಒಳಗಿನ ಚೀಲ ಕತ್ತರಿಸಿದರೆ ಜೋನಿ ಬೆಲ್ಲದ ಹಾಗೆ ಎಳೆ ಎಳೆಯಾಗಿ ಇಳಿಯುತ್ತದೆ, ಬಣ್ಣವೂ ಹಾಗೇ. ತೂಕ 270 ಕೆಜಿ ಹತ್ತಿರ. ಆ ಒಂದು ಡ್ರಮ್ ಹಿಂದೆ ಎರಡು ಟನ್ ಸೇಬು ಇದೆ!

ಹಾಗಾಗಿ ಎಲ್ಲವನ್ನೂ ಮೊದಲು ಹಣ್ಣಿನ ತೂಕಕ್ಕೆ ತನ್ನಿ. ಅಮೆರಿಕದವರು ಬುಶೆಲ್ ಅನ್ನುವ ಅಳತೆ ಕೊಟ್ಟಿದ್ದರೆ, ಸೇಬಿಗೆ ಅದು 42 ಪೌಂಡ್, ಸುಮಾರು 19 ಕೆಜಿ.

ಆಮೇಲೆ ಎರಡು ಕಾಲಂ ಮಾಡಿ. ಒಂದು, ಒಟ್ಟು ಎಷ್ಟು ಟನ್. ಇನ್ನೊಂದು, ಬೆಳೆದದ್ದರಲ್ಲಿ ಎಷ್ಟು ಪಾಲು. ಎರಡೂ ಬೇರೆ ಬೇರೆ ಕತೆ ಹೇಳುತ್ತವೆ. ಜಗತ್ತಿನ ಸೇಬಿನಲ್ಲಿ ಸುಮಾರು ಅರ್ಧ ಚೀನಾದ್ದು, ಆದರೆ ಅವರು ಬಹುಪಾಲನ್ನು ಹಣ್ಣಾಗಿಯೇ ತಿನ್ನುತ್ತಾರೆ. ಉಳಿದ ಸಣ್ಣ ಪಾಲೇ ಲಕ್ಷಾಂತರ ಟನ್. ಪೋಲೆಂಡ್ ಬೆಳೆಯುವುದು ಸುಮಾರು 40 ಲಕ್ಷ ಟನ್, ಅದರಲ್ಲಿ ಅರ್ಧದಷ್ಟು ಕಾರ್ಖಾನೆಗೆ ಹೋಗುತ್ತದೆ. ಅಮೆರಿಕದಲ್ಲಿ ಮೂರನೇ ಒಂದು ಪಾಲಿನ ಹತ್ತಿರ.

ಮೈಸೂರು, ಹಣ್ಣಿನ ಸಗಟು ವ್ಯಾಪಾರ:
ಮೇಡಂ, ಪೆಟ್ಟಿಗೆ ಲೆಕ್ಕ ನಂಬಬೇಡಿ. ಹಿಮಾಚಲದಲ್ಲಿ 20 ಕೆಜಿಯ ಒಂದೇ ಅಳತೆಯ ಪೆಟ್ಟಿಗೆ ಬಂದದ್ದು 2024ರಲ್ಲಿ. ಅದಕ್ಕೆ ಮೊದಲು ಒಂದೊಂದು ಪೆಟ್ಟಿಗೆಯಲ್ಲಿ ಒಂದೊಂದು ತೂಕ. ನಾನೇ ತೂಗಿ ನೋಡಿದ್ದೇನೆ, ಒಂದೇ ಲಾರಿಯಲ್ಲಿ ಬಂದ ಎರಡು ಪೆಟ್ಟಿಗೆಗೆ ನಾಲ್ಕು ಕೆಜಿ ವ್ಯತ್ಯಾಸ.

ನಮ್ಮ ದೇಶದಲ್ಲಿ ಸಂಸ್ಕರಣೆಗೆ ಹೋಗುವ ಸೇಬು ಕಡಿಮೆ. ಕಾಶ್ಮೀರ, ಹಿಮಾಚಲದ ಒಳ್ಳೆ ಹಣ್ಣೆಲ್ಲ ನಮ್ಮಂಥವರ ಅಂಗಡಿಗೇ ಬರುತ್ತದೆ. ಆಲಿಕಲ್ಲು ಬಿದ್ದು ಕಲೆಯಾದ, ಉದುರಿದ ಹಣ್ಣನ್ನು ಹಿಮಾಚಲದಲ್ಲಿ ಸರ್ಕಾರದ ಸಂಸ್ಥೆ ಎಚ್‌ಪಿಎಂಸಿ ಕೊಂಡು ರಸ ತೆಗೆಯುತ್ತದೆ. ಹಾಗಾಗಿ ಆ ವರ್ಷ ಆಲಿಕಲ್ಲು ಎಷ್ಟು ಬಿತ್ತು ಅಂತಲೂ ನೋಡಿ.

ಶ್ರೀರಂಗಪಟ್ಟಣ, ರಫ್ತು ಕಂಪನಿಯ ಲೆಕ್ಕ ವಿಭಾಗ:
ಮೇಲಿನವರು ಹೇಳಿದ ಮಾತಿಗೇ ಸೇರಿಸುತ್ತೇನೆ. ಒಂದೇ ವರ್ಷ ಹಿಡಿದು ಹೋಲಿಸಬೇಡಿ, ಅದರಲ್ಲೂ 2018 ಬೇಡವೇ ಬೇಡ. ಆ ಏಪ್ರಿಲ್‌ನಲ್ಲಿ ಚೀನಾದಲ್ಲಿ ಹೂ ಬಿಡುವ ಹೊತ್ತಿಗೆ ಹಿಮ ಬಿದ್ದು ಫಸಲು ಕೈಕೊಟ್ಟಿತು. ಅದೇ ವರ್ಷ ಪೋಲೆಂಡ್‌ನಲ್ಲಿ ಫಸಲು ಎಷ್ಟು ಬಂತೆಂದರೆ ಕಾರ್ಖಾನೆ ಹಣ್ಣಿನ ಬೆಲೆ ನೆಲ ಕಚ್ಚಿತು. 2017ರಲ್ಲಿ ಹಿಮದ ಪೆಟ್ಟು ತಿಂದದ್ದು ಯುರೋಪ್. ಐದು ವರ್ಷದ ಸರಾಸರಿ ತೆಗೆಯಿರಿ. ಉತ್ತರದ ದೇಶಗಳಿಗೆ ಸಾಮಾನ್ಯವಾಗಿ ಜುಲೈನಿಂದ ಜೂನ್ ವರ್ಷ ಹಿಡಿಯುತ್ತಾರೆ, ಚಿಲಿ, ಅರ್ಜೆಂಟೀನಾ ಸೇರಿಸಿದರೆ ಅಲ್ಲಿ ಜನವರಿಯಿಂದ ಡಿಸೆಂಬರ್.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಂಡ್ಯದ ಅಣ್ಣ ಹೇಳಿದ ಹಾಗೆ ರಾತ್ರಿಯೇ ಕೂತು ಮಾಡಿದೆ. ಕಾನ್ಸಂಟ್ರೇಟ್ ಸಾಲುಗಳೆಲ್ಲ ಏಳೂವರೆ ಪಟ್ಟು ಆದವು, ಪಟ್ಟಿಯೇ ತಲೆಕೆಳಗಾಯಿತು. ಆದರೆ ಅಣ್ಣ, ಈಗ ಯುರೋಪಿನ ಒಟ್ಟು ಮೊತ್ತ ಜಾಸ್ತಿ ಬಂತು ಅನ್ನಿಸುತ್ತಿದೆ.

ಮಂಡ್ಯ:
ಎರಡು ಸಲ ಎಣಿಸಿರಬೇಕು ನೋಡಿ. ಪೋಲೆಂಡ್‌ನಲ್ಲಿ ಇಂಗಿಸಿದ ಕಾನ್ಸಂಟ್ರೇಟ್ ಜರ್ಮನಿಗೆ ಹೋಗಿ, ನೀರು ಸೇರಿ ಜ್ಯೂಸ್ ಆಗುತ್ತದೆ. ಇಂಗ್ಲೆಂಡಿನ ಸೈಡರ್‌ನಲ್ಲೂ ಎಷ್ಟೋ ಕಾನ್ಸಂಟ್ರೇಟ್‌ನಿಂದಲೇ ಮಾಡುವುದು. ಅಮೆರಿಕದವರು ಕುಡಿಯುವ ಸೇಬಿನ ರಸದಲ್ಲೂ ಹೆಚ್ಚಿನ ಪಾಲು ಹೊರಗಿನದೇ. ಹಣ್ಣು ಎಲ್ಲಿ ಅರೆದರೋ ಆ ದೇಶದ ಸಾಲಿನಲ್ಲಿ ಒಂದೇ ಸಲ ಬರೆಯಿರಿ. ಬಾಟಲಿಗೆ ತುಂಬಿದ ಊರಿನ ಸಾಲಿನಿಂದ ಆಮದನ್ನು ಕಳೆಯಿರಿ. ಬೇಕಾದರೆ ಆ ಪಟ್ಟಿ ಇಲ್ಲೇ ಹಾಕಿ, ಭಾನುವಾರ ಕೂತು ನೋಡುತ್ತೇನೆ.