ಚಿನ್ನದ ಬಾಂಡ್ ದುಡ್ಡು ಬಂತು, ಮನೆಯಲ್ಲಿ ಜಗಳವೂ ಬಂತು

ಪ್ರಶ್ನೆ (ದಾವಣಗೆರೆಯಿಂದ, ಶಿಕ್ಷಕಿ)

ಸರ್ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡ್ತೀನಿ. 2017ರ ಅಕ್ಟೋಬರಿನಲ್ಲಿ ಅರಿಯರ್ಸ್ ಬಂದಿತ್ತು, ಅದಕ್ಕೆ ಚೀಟಿ ದುಡ್ಡೂ ಸೇರಿಸಿ 80 ಗ್ರಾಂ ಸವರನ್ ಗೋಲ್ಡ್ ಬಾಂಡ್ (ಚಿನ್ನದ ಬೆಲೆಗೆ ಜೋಡಿಸಿದ ಸರ್ಕಾರಿ ಬಾಂಡ್) ತಗೊಂಡಿದ್ದೆ. ಆಗ ಗ್ರಾಮಿಗೆ ಮೂರು ಸಾವಿರದ ಒಳಗೇ ಇತ್ತು. ಈ 2025ರ ಅಕ್ಟೋಬರಿಗೆ ಎಂಟು ವರ್ಷ ತುಂಬಿ, ಖಾತೆಗೆ ಹತ್ತು ಲಕ್ಷದ ಆಸುಪಾಸು ಬಂದು ಬಿತ್ತು. ಡಿಸೆಂಬರ್ ಬಂದರೂ ಅಲ್ಲೇ ಬಿದ್ದಿದೆ, ಯಾಕಂದ್ರೆ ಮೂರು ಜನ ಮೂರು ದಿಕ್ಕಿಗೆ ಎಳೀತಿದಾರೆ.

ನಮ್ಮಣ್ಣ ಹೇಳೋದು: "ನಾಲ್ಕು ಪಟ್ಟು ಆದದ್ದನ್ನ ಕಣ್ಣಾರೆ ಕಂಡು ಇನ್ನೇನು ಯೋಚನೆ? ಪೂರ್ತಿ ಮತ್ತೆ ಚಿನ್ನಕ್ಕೇ ಹಾಕು. ರಿಸರ್ವ್ ಬ್ಯಾಂಕೇ ಕೊಳ್ತಿದೆ." ನಮ್ಮ ಶಾಲೆಯ ಗಣಿತದ ಮೇಷ್ಟ್ರು ಹೇಳೋದು: "ಚಿನ್ನ ಮೊಟ್ಟೆ ಇಡಲ್ಲ ಮೇಡಂ. ದೊಡ್ಡ ಕಂಪನಿಗಳ ಷೇರನ್ನ ಒಟ್ಟಿಗೇ ಕೊಳ್ಳೋ ಇಂಡೆಕ್ಸ್ ಫಂಡಿಗೆ ಹಾಕಿ, ಹನ್ನೆರಡು ಪರ್ಸೆಂಟ್ ಎಲ್ಲೂ ಹೋಗಲ್ಲ." ನಮ್ಮ ಯಜಮಾನರದ್ದು ಒಂದೇ ಹಟ, ಮನೆ ಸಾಲ ಕಟ್ಟಿಬಿಡೋಣ ಅಂತ. 2018ರ ಸಾಲ, ಇನ್ನೂ 22 ಲಕ್ಷ ಬಾಕಿ, 13 ವರ್ಷ ಇದೆ, ಬಡ್ಡಿ 9, ಕಂತು ಸುಮಾರು 24 ಸಾವಿರ. ಮೂವರ ಮಾತೂ ಕೇಳೋವಾಗ ಸರಿ ಅನ್ಸುತ್ತೆ. ಯಾರದ್ದು ಸರಿ ಸರ್?

ಉತ್ತರ (ನೋಂದಾಯಿತ ಹೂಡಿಕೆ ಸಲಹೆಗಾರ, ಶುಲ್ಕ ಮಾತ್ರ, ಕಮಿಷನ್ ಇಲ್ಲ)

ಮೇಡಂ, ಮೊದಲು ಒಂದು ಲೆಕ್ಕ. ಉಳಿತಾಯ ಖಾತೆ ಕೊಡೋದು ಎರಡೂವರೆ ಪರ್ಸೆಂಟ್, ನೀವು ಸಾಲಕ್ಕೆ ಕಟ್ತಿರೋದು ಒಂಬತ್ತು. ಹತ್ತು ಲಕ್ಷದ ಮೇಲೆ ಆ ವ್ಯತ್ಯಾಸ ತಿಂಗಳಿಗೆ ಐದು ಸಾವಿರದ ನಾನೂರು ರೂಪಾಯಿ. ನಿಮ್ಮ ಮನೆಯ ಚರ್ಚೆಗೆ ಇಷ್ಟು ಬಾಡಿಗೆ ಹೋಗ್ತಿದೆ. ಬಾಂಡ್ ಲಾಭಕ್ಕೆ ತೆರಿಗೆ ಇಲ್ಲ, ಆ ಚಿಂತೆ ಬಿಡಿ. ಆರು ತಿಂಗಳಿಗೊಮ್ಮೆ ಬರ್ತಿದ್ದ ಬಡ್ಡಿಗೆ ಮಾತ್ರ ತೆರಿಗೆ ಉಂಟು, ಅದನ್ನ ರಿಟರ್ನಿನಲ್ಲಿ ತೋರಿಸಿದ್ದೀರಾ ನೋಡ್ಕೊಳ್ಳಿ.

ಇನ್ನು ಅಣ್ಣನವರಿಗೂ ಮೇಷ್ಟ್ರಿಗೂ ನಾನು ಕೇಳೋದು ಒಂದೇ: ಯಾವ ವರ್ಷದಿಂದ ಎಣಿಸ್ತೀರಿ?

ಅಣ್ಣ 2017ರಿಂದ ಎಣಿಸ್ತಾರೆ, ನಾಲ್ಕು ಪಟ್ಟು ಕಾಣುತ್ತೆ. ಆದರೆ 2012ರ ಕೊನೆಗೆ ಹತ್ತು ಗ್ರಾಮಿಗೆ 31 ಸಾವಿರದ ಹತ್ತಿರ ಇದ್ದ ಚಿನ್ನ 2018ರಲ್ಲೂ ಸರಿಸುಮಾರು ಅಲ್ಲೇ ಇತ್ತು. ಆರು ವರ್ಷ ನಿಂತಲ್ಲೇ ನಿಂತಿತ್ತು. ನೀವು ಕೊಂಡದ್ದು ಆ ಬೇಸರದ ಕಾಲದಲ್ಲಿ, ಚಿನ್ನದ ಮಾತು ಯಾರೂ ಎತ್ತದೇ ಇದ್ದಾಗ. ಅಣ್ಣ ಕೊಳ್ಳಿ ಅಂತಿರೋದು ಹಾಲು ಹಾಕೋನೂ ಚಿನ್ನದ ರೇಟು ಹೇಳೋ ಕಾಲದಲ್ಲಿ. ಡಾಲರಿನಲ್ಲಂತೂ 1980ರ ಜನವರಿಯ ಔನ್ಸಿಗೆ 850ರ ಮಟ್ಟಕ್ಕೆ ಮತ್ತೆ ಬರೋಕೆ 2008 ಆಯ್ತು, 28 ವರ್ಷ!

ಮೇಷ್ಟ್ರಿಗೂ ಇದೇ ಮಾತು. 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ ಸೆನ್ಸೆಕ್ಸ್ ಅದೇ ಅಕ್ಟೋಬರಿಗೆ ಎಂಟೂವರೆ ಸಾವಿರಕ್ಕೆ ಬಂತು. 2024ರ ಸೆಪ್ಟೆಂಬರಿನಲ್ಲಿ 26,277 ಮುಟ್ಟಿದ ನಿಫ್ಟಿ ಸೂಚ್ಯಂಕ ಅದನ್ನ ಮತ್ತೆ ದಾಟಿದ್ದು 2025ರ ನವೆಂಬರ್ ಕೊನೆಗೆ. ಇಂಡೆಕ್ಸ್ ಫಂಡ್ ಒಳ್ಳೆಯದೇ, ನನ್ನ ದುಡ್ಡೂ ಅಲ್ಲಿದೆ. ಆದರೆ "ಎಲ್ಲೂ ಹೋಗಲ್ಲ" ಅನ್ನೋ ಮಾತು ಗಣಿತದ ಮೇಷ್ಟ್ರ ಬಾಯಲ್ಲಿ ಬರಬಾರದು. ಜಪಾನಿನ ನಿಕ್ಕೇ ಸೂಚ್ಯಂಕ 1989ರ ಡಿಸೆಂಬರಿನ ಎತ್ತರವನ್ನ ದಾಟಿದ್ದು 2024ರ ಫೆಬ್ರವರಿಯಲ್ಲಿ.

ಯಾರದ್ದು ಸರಿ ಅಂತ ಹೇಳೋ ಮುಂಚೆ ಮೂರು ವಿಷಯ ಬೇಕು. ಮನೆಯಲ್ಲಿ ಒಡವೆ ಎಷ್ಟಿದೆ? ನಿಮ್ಮ ಪಿಂಚಣಿ ಯಾವುದು? ಮೂರು ವರ್ಷದೊಳಗೆ ದೊಡ್ಡ ಖರ್ಚೇನಾದರೂ ಇದೆಯಾ?

ಪ್ರಶ್ನೆ ಕೇಳಿದವರು

ಒಡವೆ ಇನ್ನೂರು ಗ್ರಾಂ ಇರಬಹುದು, ಅಮ್ಮ ಹಾಕಿದ್ದೂ ಸೇರಿ. 2009ರಲ್ಲಿ ಕೆಲಸಕ್ಕೆ ಸೇರಿದ್ದು, ಸಂಬಳದಲ್ಲಿ ಹಿಡಿದು ಹೂಡೋ ಪಿಂಚಣಿ, ಎನ್‌ಪಿಎಸ್. ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಬೇಸಿಗೆಗೆ ಸಿಇಟಿ ಬರೀತಾಳೆ. ಸೀಟು ಎಲ್ಲಿ ಸಿಗುತ್ತೋ, ಹಾಸ್ಟೆಲ್ ಬೇರೆ.

ಉತ್ತರ

ಇದನ್ನ ಮೊದಲೇ ಹೇಳಬೇಕಿತ್ತು ಮೇಡಂ! ಆರೇಳು ತಿಂಗಳಿಗೆ ಕಾಲೇಜು ಫೀಸು ಎದುರಿಗಿರೋವಾಗ ಅಣ್ಣ, ಮೇಷ್ಟ್ರು ಇಬ್ಬರೂ ಆ ಭಾಗವನ್ನ ಮುಟ್ಟಬಾರದು. ಮೂರು ಲಕ್ಷ ತೆಗೆದು ಬ್ಯಾಂಕ್ ಎಫ್‌ಡಿಯಲ್ಲಿಡಿ. ಒಂದೇ ದೊಡ್ಡ ಎಫ್‌ಡಿ ಬೇಡ, ಐವತ್ತು ಸಾವಿರದ ಆರು ಮಾಡಿ. ಬೇಕಾದಾಗ ಒಂದನ್ನ ಮುರಿದರೆ ಉಳಿದವಕ್ಕೆ ಬಡ್ಡಿ ಕಡಿತವಿಲ್ಲ.

ಇನ್ನು ಸಾಲ. ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ "ಬಡ್ಡಿ 9". 2025ರ ಫೆಬ್ರವರಿಯಿಂದ ಡಿಸೆಂಬರೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನ, ಅಂದರೆ ತಾನು ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿಯನ್ನ, 6.5ರಿಂದ 5.25ಕ್ಕೆ ಇಳಿಸಿದೆ. ಹೊಸದಾಗಿ ಮನೆ ಸಾಲ ತಗೊಳ್ಳೋರಿಗೆ ಎಂಟರ ಒಳಗೇ ಸಿಗ್ತಿದೆ. ನಿಮ್ಮದು 2018ರ ಸಾಲ, ಅಂದರೆ ಬ್ಯಾಂಕ್ ತನ್ನದೇ ಖರ್ಚಿನ ಲೆಕ್ಕದಲ್ಲಿ ಬಡ್ಡಿ ನಿಗದಿ ಮಾಡೋ ಹಳೆಯ ಎಂಸಿಎಲ್‌ಆರ್ ಪದ್ಧತಿಯದ್ದು. ರೆಪೊಗೆ ಜೋಡಿಸೋದು ಕಡ್ಡಾಯ ಆದದ್ದು 2019ರ ಅಕ್ಟೋಬರಿನಿಂದ, ಅದೂ ಹೊಸ ಸಾಲಗಳಿಗೆ. ಹಳಬರು ತಾವಾಗಿ ಹೋಗಿ ಕೇಳಿದರಷ್ಟೇ ಬದಲಾಗುತ್ತೆ. ಬ್ಯಾಂಕಿನವರು ಫೋನ್ ಮಾಡಿ ಕರೆಯಲ್ಲ. ಒಂದು ಅರ್ಜಿ, ಸ್ವಲ್ಪ ಶುಲ್ಕ.

ಬಡ್ಡಿ 8ಕ್ಕೆ ಬಂತು ಅಂತಿಟ್ಟುಕೊಂಡು ಲೆಕ್ಕ ಹಾಕಿದೆ. ಕಂತು ಅದೇ 24 ಸಾವಿರ ಇಟ್ಟರೆ, ಒಂದು ಪೈಸೆ ಹೆಚ್ಚಿಗೆ ಕಟ್ಟದೆ, 156 ಕಂತು 143ಕ್ಕೆ ಇಳಿಯುತ್ತೆ. ಅದರ ಮೇಲೆ ಬಾಂಡ್ ದುಡ್ಡಲ್ಲಿ ಐದು ಲಕ್ಷ ಕಟ್ಟಿದರೆ 97. ಹದಿಮೂರು ವರ್ಷದ ಸಾಲ ಎಂಟು ವರ್ಷಕ್ಕೆ ಬಂತು. ಬದಲಾಗೋ ಬಡ್ಡಿಯ ಸಾಲಕ್ಕೆ ಮುಂಗಡ ಕಟ್ಟಿದರೆ ದಂಡ ಹಾಕುವ ಹಾಗಿಲ್ಲ. ಒಂದು ಎಚ್ಚರ: ಕೌಂಟರಿನಲ್ಲಿ "ಕಂತು ಇಳಿಸೋಣವಾ ಮೇಡಂ?" ಅಂತಾರೆ. ಬೇಡ, ಅವಧಿ ಇಳಿಸಿ ಅನ್ನಿ, ಬರವಣಿಗೆಯಲ್ಲೇ ಕೊಡಿ.

ಧಾರವಾಡದ ಸದಸ್ಯರು

ಸರ, ಡಾಲರ್ ಲೆಕ್ಕಾ ನಮಗ್ಯಾಕ್ರಿ? ನಮ್ಮವ್ವ 1980ರಾಗ ಹತ್ತು ಗ್ರಾಮಿಗೆ ಸಾವಿರದ ಮುನ್ನೂರು ಕೊಟ್ಟು ಬಿಲ್ವಾರ ಮಾಡಿಸಿದ್ಳು. 2000ದಾಗ ಅದ ಹತ್ತು ಗ್ರಾಂ ನಾಕ್ ಸಾವಿರದ ಮ್ಯಾಲ ಇತ್ತು. ಎಲ್ಲಿ ಬಿತ್ರಿ ಚಿನ್ನ? ನಿಮ್ಮ 28 ವರ್ಷದ ಕಥಿ ಅಮೇರಿಕಾದವರಿಗೆ ಹೇಳ್ರಿ.

ಉತ್ತರ

ಇಲ್ಲಿ ನಾನು ಅರ್ಧ ಹೇಳಿ ಬಿಟ್ಟಿದ್ದೆ, ಹಿಡಿದಿರಿ. ರೂಪಾಯಿಯಲ್ಲಿ ಆ ಇಪ್ಪತ್ತು ವರ್ಷ ಚಿನ್ನ ಮೂರು ಪಟ್ಟು ದಾಟಿದ್ದು ನಿಜ. ಆದರೆ ಏರಿದ್ದು ಚಿನ್ನವಲ್ಲ, ಇಳಿದದ್ದು ರೂಪಾಯಿ. 1980ರಲ್ಲಿ ಎಂಟು ರೂಪಾಯಿ ಇದ್ದ ಡಾಲರ್ 2000ಕ್ಕೆ ನಲವತ್ತೈದರ ಹತ್ತಿರ ಬಂದಿತ್ತು. ನಡುವೆ 1991ರಲ್ಲಿ ದೇಶವೇ 47 ಟನ್ ಚಿನ್ನ ಒತ್ತೆ ಇಡಬೇಕಾಯ್ತು. ಹಾಗಾಗಿ ರೂಪಾಯಿ ಮುಗ್ಗರಿಸಿದಾಗ ಹಿಡಿದು ನಿಲ್ಲಿಸೋ ಕೋಲು ಅಂತ ಚಿನ್ನವನ್ನ ನಾನೂ ಒಪ್ತೀನಿ.

ಆದರೆ ನಿಮ್ಮ ಲೆಕ್ಕದಲ್ಲೂ ವರ್ಷಕ್ಕೆ ಬಿದ್ದದ್ದು ಆರು ಪರ್ಸೆಂಟ್ ಚಿಲ್ಲರೆ. ಆ ಕಾಲಕ್ಕೆ ಬ್ಯಾಂಕ್ ಠೇವಣಿಯೇ ಹತ್ತರ ಆಸುಪಾಸು ಕೊಡ್ತಿತ್ತು. ಬಿಲ್ವಾರದ ಮಜೂರಿ ಬೇರೆ. ಆದರೆ ಅವ್ವ ಠೇವಣಿ ಇಟ್ಟಿದ್ದರೆ ಯಾರಾದರೂ ಮುರಿಸಿ ಖರ್ಚು ಮಾಡಿಸ್ತಿದ್ದರು, ಬಿಲ್ವಾರ ಉಳೀತು. ಈ ಲಾಭ ಯಾವ ಕ್ಯಾಲ್ಕುಲೇಟರಿನಲ್ಲೂ ಬರಲ್ಲ.

ಸಾಗರದ ಸದಸ್ಯರು

ಎಫ್‌ಡಿಗೆ ಆರು ಆರೂವರೆ ಯಾಕೆ ಸರ್? ನಮ್ಮೂರ ಸೌಹಾರ್ದ ಸಹಕಾರಿ ಸಂಘದಲ್ಲಿ ಹತ್ತು ಕೊಡ್ತಾರೆ, ಪರಿಚಯದವರೇ ನಿರ್ದೇಶಕರು.

ಉತ್ತರ

ಬ್ಯಾಂಕ್ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಸೌಹಾರ್ದ, ಪತ್ತಿನ ಸಂಘಗಳಿಗೆ ಇಲ್ಲ. ನಮ್ಮ ಚಿಕ್ಕಪ್ಪನ ನಿವೃತ್ತಿ ಹಣ ಇಂಥದ್ದೇ ಒಂದು ಸಂಘದಲ್ಲಿ ನಾಲ್ಕು ವರ್ಷ ಸಿಕ್ಕಿಕೊಂಡಿತ್ತು, ಅಲ್ಲೂ ನಿರ್ದೇಶಕರು ಪರಿಚಯದವರೇ. ಮಗಳ ಫೀಸಿನ ದುಡ್ಡಿಗೆ ಅದು ಜಾಗವಲ್ಲ.

ಗಣಿತದ ಮೇಷ್ಟ್ರು (ಮೇಡಂ ನನ್ನನ್ನೂ ಗುಂಪಿಗೆ ಸೇರಿಸಿದ್ದಾರೆ)

"ಎಲ್ಲೂ ಹೋಗಲ್ಲ" ಅಂದದ್ದನ್ನ ವಾಪಸ್ ತಗೊಳ್ತೀನಿ. ಆದರೆ ಸಾಲ 8ಕ್ಕೆ, ಫಂಡ್ ದೀರ್ಘಕಾಲಕ್ಕೆ 12ಕ್ಕೆ. ನಾಲ್ಕು ಪರ್ಸೆಂಟ್ ಬಿಟ್ಟುಕೊಡೋದು ಯಾವ ನ್ಯಾಯ? ಮೇಲಾಗಿ ಸಾಲದ ಬಡ್ಡಿಗೆ ತೆರಿಗೆ ರಿಯಾಯಿತಿಯೂ ಇದೆ.

ಉತ್ತರ

ಮೇಷ್ಟ್ರೇ, ತೆರಿಗೆ ಮಾತು ಮೊದಲು ಮುಗಿಸ್ತೀನಿ. ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ರಿಯಾಯಿತಿ ಇಲ್ಲ. ಹನ್ನೆರಡು ಲಕ್ಷದವರೆಗೆ ತೆರಿಗೆಯೇ ಇಲ್ಲ ಅಂತಾದ ಮೇಲೆ ಮೇಡಂ ಹೊಸದರಲ್ಲೇ ಇರ್ತಾರೆ.

ಈಗ ನಾಲ್ಕು ಪರ್ಸೆಂಟ್. ನಿಮ್ಮ 12 ಒಂದು ನಿರೀಕ್ಷೆ, ಲಾಭ ಒಂದೂಕಾಲು ಲಕ್ಷ ದಾಟಿದರೆ ಅದರ ಮೇಲೆ ಹನ್ನೆರಡೂವರೆ ಪರ್ಸೆಂಟ್ ತೆರಿಗೆ ಬೇರೆ. ಸಾಲ ಕಟ್ಟಿ ಉಳಿಸೋ 8 ಖಚಿತ, ತೆರಿಗೆಯೂ ಇಲ್ಲ. ಖಚಿತವಾಗಿ, ತೆರಿಗೆ ಕಳೆದು 8 ಕೊಡೋ ಒಂದು ಠೇವಣಿ ತೋರಿಸಿ. ಸರ್ಕಾರದ ಉಳಿತಾಯ ಯೋಜನೆ ಪಿಪಿಎಫ್ ಕೂಡ 7.1. ಇಪ್ಪತ್ತೆಂಟು ವರ್ಷದ ಹುಡುಗ ಕೇಳಿದ್ದರೆ ನಾನು ನಿಮ್ಮ ಪಕ್ಷವೇ. ಇಲ್ಲಿ ಹದಿನೇಳರ ಮಗಳಿದ್ದಾಳೆ, ನಿವೃತ್ತಿಯೂ ಬರ್ತಿದೆ, ಸಾಲ ಅದಕ್ಕಿಂತ ಮುಂಚೆ ಮುಗಿಯಬೇಕು.

ಅಣ್ಣನವರ ರಿಸರ್ವ್ ಬ್ಯಾಂಕ್ ವಾದಕ್ಕೂ ಬಲವಿದೆ. 2022ರಲ್ಲಿ ರಷ್ಯಾದ ವಿದೇಶಿ ಮೀಸಲನ್ನ ಪಾಶ್ಚಾತ್ಯ ದೇಶಗಳು ತಡೆಹಿಡಿದ ಮೇಲೆ ಜಗತ್ತಿನ ಕೇಂದ್ರ ಬ್ಯಾಂಕುಗಳು 2024ರವರೆಗೆ ವರ್ಷಕ್ಕೆ ಸಾವಿರ ಟನ್ನಿಗೂ ಹೆಚ್ಚು ಚಿನ್ನ ಕೊಂಡಿವೆ, ನಮ್ಮದರ ಹತ್ತಿರವೂ 880 ಟನ್ ಇದೆ. ಆದರೆ ರಿಸರ್ವ್ ಬ್ಯಾಂಕಿಗೆ ಇಎಂಐ ಇಲ್ಲ. ಮೇಡಂ ಬೀರುವಿನಲ್ಲಿ ಆಗಲೇ ಇಪ್ಪತ್ತು ಲಕ್ಷ ದಾಟಿದ ಚಿನ್ನ ಇದೆ. ಅತ್ತ ಅವರ ಎನ್‌ಪಿಎಸ್‌ನಲ್ಲಿ ಷೇರಿಗೆ ಹೋಗೋದು ಸಾಮಾನ್ಯವಾಗಿ ಸಣ್ಣ ಪಾಲಷ್ಟೇ. ಹಾಗಾಗಿ ಉಳಿದ ಎರಡು ಲಕ್ಷ ಮೇಷ್ಟ್ರ ಕಡೆಗೆ ಹೋಗಲಿ, ಅದೂ ಒಂದೇ ಸಲ ಬೇಡ, ತಿಂಗಳಿಗೆ ಹತ್ತು ಸಾವಿರದಂತೆ. ಅಣ್ಣನಿಗೆ ತೀರಾ ಬೇಜಾರಾದರೆ ಅದರಲ್ಲಿ ಎರಡು ಸಾವಿರ, ಷೇರಿನ ಹಾಗೆ ಕೊಳ್ಳೋ ಚಿನ್ನದ ಫಂಡ್ ಅಂದರೆ ಗೋಲ್ಡ್ ಇಟಿಎಫ್‌ಗೆ. ಸರ್ಕಾರದ ಹೊಸ ಬಾಂಡ್ 2024ರ ಫೆಬ್ರವರಿಯಿಂದ ಬಂದಿಲ್ಲ. ಒಡವೆ ಮಾತ್ರ ಬೇಡವೇ ಬೇಡ.

ಪ್ರಶ್ನೆ ಕೇಳಿದವರು (ಹದಿನೈದು ದಿನದ ಮೇಲೆ)

ಸರ್, ಬ್ಯಾಂಕಿಗೆ ಹೋಗಿದ್ದೆ. ಅರ್ಜಿ ಕೊಟ್ಟು ಅರ್ಧ ಗಂಟೆ ಕೂರಿಸಿದರು. "ಈಗ್ಯಾಕೆ ಮೇಡಂ ಕಟ್ತೀರಿ, ಒಂದು ಒಳ್ಳೆ ವಿಮೆ ಪಾಲಿಸಿ ಇದೆ" ಅಂದರು. ಅದಾದ ಮೇಲೆ ನೀವು ಹೇಳಿದ ಹಾಗೇ ಕಂತು ಇಳಿಸೋ ಮಾತು ಬಂತು. ನಾನು ಮನೆಯಿಂದಲೇ ಬರೆದುಕೊಂಡು ಹೋಗಿದ್ದ ಕಾಗದ ಮುಂದಿಟ್ಟೆ. ಬಡ್ಡಿ 8 ಆಯ್ತು. ಹೊಸ ಪಟ್ಟಿಯಲ್ಲಿ ಕೊನೆ ಕಂತು 2034ರ ಜನವರಿ ಅಂತ ಇದೆ. ಮೊದಲು 2038ರ ಡಿಸೆಂಬರ್ ಇತ್ತು. ಯಜಮಾನರು ಆ ಹಾಳೆಯನ್ನ ಫ್ರಿಜ್ ಮೇಲೆ ಅಂಟಿಸಿದಾರೆ.

ಅಣ್ಣನಿಗೆ ಫೋಟೊ ಕಳಿಸಿದೆ. "2034ಕ್ಕೆ ಚಿನ್ನ ಎಷ್ಟಾಗಿರುತ್ತೆ ನೋಡ್ತಿರು" ಅಂತ ಉತ್ತರ ಬಂತು.