ಕಾರ್ ಸ್ಟೀರಿಯೊ ಈಕ್ವಲೈಸರ್: ಏರಿಸಬೇಕಾ, ಇಳಿಸಬೇಕಾ?

ಹೊಸಕಿವಿ
ಕಾರಿನ ಸ್ಟೀರಿಯೊದಲ್ಲಿ 7 ಬ್ಯಾಂಡ್ ಈಕ್ವಲೈಸರ್ ಇದೆ, ಅಂದರೆ ದಪ್ಪ ದನಿಯಿಂದ ಸಣ್ಣ ದನಿವರೆಗೆ ಏಳು ಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸಬಹುದು. ನಾಲ್ಕು ಬಾಗಿಲಿಗೆ ನಾಲ್ಕು ಸ್ಪೀಕರ್. ಮುಂದಿನ ಎರಡನ್ನು ಈಚೆಗೆ ಬದಲಾಯಿಸಿದ್ದು. ಸಬ್‌ವೂಫರ್ (ಬೇಸಿಗೆಂದೇ ಇರುವ ಸ್ಪೀಕರ್), ಬೇರೆ ಆಂಪ್ಲಿಫೈಯರ್ (ಆಂಪ್) ಯಾವುದೂ ಇಲ್ಲ. ಈಗ 60 ಹರ್ಟ್ಜ್ ಮತ್ತು 10 ಕಿಲೋಹರ್ಟ್ಜ್ ಪೂರ್ತಿ ಮೇಲಿದೆ, ಮಧ್ಯದವು ಕೆಳಗಿವೆ. ಸಣ್ಣಗೆ ಹಾಕಿದಾಗ ಸೊಗಸಾಗಿ ಕೇಳುತ್ತೆ. ಜೋರು ಮಾಡಿದ ಕೂಡಲೇ ಬೇಸ್ ಒಡೆಯುತ್ತೆ, ಹಾಡುವವರ ದನಿ ಎಲ್ಲೋ ಹಿಂದಕ್ಕೆ ಹೋಗುತ್ತೆ, ಸಕಾರ ಶಕಾರ ಬಂದಾಗ ಕಿವಿಗೆ ಚುಚ್ಚುತ್ತೆ. ಯಾವ ಬ್ಯಾಂಡ್ ಎಷ್ಟಿಟ್ಟರೆ ಸರಿ ಅಂತ ಯಾರಾದರೂ ಹೇಳ್ತೀರಾ?

ತಾರಸ್ಥಾಯಿ
ಎಲ್ಲ ಕಾರಿಗೂ ಹೊಂದುವ ಅಂಕಿ ಅನ್ನೋದು ಇಲ್ಲ. ಸೀಟಿನ ಬಟ್ಟೆ, ಗಾಜು, ಸ್ಪೀಕರ್ ಕೂತಿರುವ ಜಾಗ ಒಂದೊಂದೂ ದನಿಯನ್ನು ಬದಲಿಸುತ್ತೆ. ಮೊದಲು ಎಲ್ಲ ಬ್ಯಾಂಡನ್ನೂ ಸೊನ್ನೆಗೆ ತನ್ನಿ. ಫೋನಿನ ಆ್ಯಪ್‌ನಲ್ಲೂ ಈಕ್ವಲೈಸರ್ ಇದ್ದರೆ ಅದನ್ನು ಆಫ್ ಮಾಡಿ, ಇಲ್ಲದಿದ್ದರೆ ಎರಡೂ ಸೇರಿ ಏನು ಮಾಡ್ತಿವೆ ಅಂತ ಗೊತ್ತೇ ಆಗಲ್ಲ.

ಬೇಸ್ ಯಾಕೆ ಒಡೆಯುತ್ತೆ ಅಂದರೆ, 3 ಡೆಸಿಬೆಲ್ ಏರಿಸಿದರೆ ಆ ಬ್ಯಾಂಡಿಗೆ ಎರಡರಷ್ಟು ಪವರ್ ಬೇಕು. 6 ಏರಿಸಿದರೆ ನಾಲ್ಕರಷ್ಟು, 10 ಏರಿಸಿದರೆ ಹತ್ತರಷ್ಟು. ಡಬ್ಬದ ಮೇಲೆ 50 ವಾಟ್ ಅಂತ ಬರೆದಿದ್ದರೂ ಸ್ಟೀರಿಯೊದ ಒಳಗಿನ ಆಂಪ್ ಒಂದೊಂದು ಸ್ಪೀಕರಿಗೆ ಬಿಡದೆ ಕೊಡೋದು ಸಾಮಾನ್ಯವಾಗಿ 15ರಿಂದ 20 ವಾಟ್. ಜೋರು ಹಾಕಿದಾಗ ಅದರ ಶಕ್ತಿ ಮುಗಿಯುತ್ತೆ, ಅಲೆಯ ತುದಿ ಕತ್ತರಿಸಿಹೋಗುತ್ತೆ. ಕ್ಲಿಪ್ಪಿಂಗ್ ಅನ್ನೋದು ಇದನ್ನೇ. ಅದಕ್ಕೇ ಹೇಳೋದು, ಕಡಿಮೆ ಅನಿಸಿದ್ದನ್ನು ಏರಿಸುವ ಬದಲು ಜಾಸ್ತಿ ಅನಿಸಿದ್ದನ್ನು ಇಳಿಸಿ, ಆಮೇಲೆ ವಾಲ್ಯೂಮ್ ಸ್ವಲ್ಪ ಏರಿಸಿಕೊಳ್ಳಿ.

ಬೇಸ್‌ಪ್ರಿಯ
ಎಲ್ಲ ಸೊನ್ನೆಗಿಟ್ಟು ಕೇಳಿದರೆ ಕಾರಲ್ಲಿ ಹಾಡು ಸಪ್ಪೆ ಸರ್. ನಿಂತ ಕಾರಲ್ಲಿ ಕೂತು ಮಾತಾಡುವವರಿಗೆ ಇದು ತಿಳಿಯಲ್ಲ. ಗಾಡಿ ಓಡುವಾಗ ಟಯರು, ರಸ್ತೆ, ಎಂಜಿನ್ ಸದ್ದೆಲ್ಲ ಹೆಚ್ಚಾಗಿ ಇರೋದು ಕೆಳಗಿನ ಹರ್ಟ್ಜ್‌ಗಳಲ್ಲೇ. ಅದು ಮೊದಲು ನುಂಗೋದು ಬೇಸನ್ನು. ಇನ್ನೊಂದು, ಸಣ್ಣ ವಾಲ್ಯೂಮ್‌ನಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದಾರೆ. ಸ್ಟೀರಿಯೊಗಳಲ್ಲಿ ಲೌಡ್‌ನೆಸ್ ಬಟನ್ ಇರೋದೇ ಅದಕ್ಕೆ. ಎರಡು ತುದಿ ಮೇಲೆ, ಮಧ್ಯ ಕೆಳಗೆ ಅನ್ನೋ ಆಕಾರ ಸುಮ್ಮನೆ ಹುಟ್ಟಿದ್ದಲ್ಲ, ಜನ ಕೇಳಿ ಕೇಳಿ ಕಂಡುಕೊಂಡಿದ್ದು.

ತಾರಸ್ಥಾಯಿ
ನೀವು ಹೇಳಿದ್ದು ನಿಜ, ಆದರೆ ಅದರಲ್ಲೇ ಉತ್ತರವೂ ಇದೆ. ಕಿವಿಯ ಆ ಕೊರತೆ ಸಣ್ಣ ವಾಲ್ಯೂಮ್‌ನಲ್ಲಿ ಇರುತ್ತೆ, ಜೋರು ಮಾಡ್ತಾ ಹೋದ ಹಾಗೆ ಕಡಿಮೆಯಾಗುತ್ತೆ. ಈಕ್ವಲೈಸರ್ ಮಾತ್ರ ಇಟ್ಟಲ್ಲೇ ಇರುತ್ತೆ. ಅದಕ್ಕೇ ಇವರಿಗೆ ಸಣ್ಣಗಿದ್ದಾಗ ಸೊಗಸು, ಜೋರಾದಾಗ ಕಿರಿಕಿರಿ. ಮಧ್ಯದ ಬ್ಯಾಂಡ್ ಇಳಿಸೋದಂತೂ ನನಗೆ ಒಪ್ಪಿಗೆಯಿಲ್ಲ. ಸಾಹಿತ್ಯ ತಿಳಿಯೋದು 1ರಿಂದ 4 ಕಿಲೋಹರ್ಟ್ಜ್ ನಡುವೆ. ಅದನ್ನು ತಗ್ಗಿಸಿ ದನಿ ಹಿಂದೆ ಹೋಯಿತು ಅಂದರೆ ಹೇಗೆ?

ಅಳತೆಗೋಲು
ಇಬ್ಬರೂ ಕಿವಿಯನ್ನೇ ನಂಬಿ ವಾದ ಮಾಡ್ತಿದ್ದೀರಿ. ಕಿವಿ ಹತ್ತು ನಿಮಿಷದಲ್ಲಿ ಯಾವ ದನಿಗಾದರೂ ಒಗ್ಗಿಕೊಳ್ಳುತ್ತೆ. ಪಿಂಕ್ ನಾಯ್ಸ್ (ಎಲ್ಲ ಹರ್ಟ್ಜ್‌ಗಳೂ ಸೇರಿದ, ಪರೀಕ್ಷೆಗೆ ಬಳಸುವ ಸದ್ದು) ಹಾಕಿ, ಫೋನಿನಲ್ಲಿ ಸ್ಪೆಕ್ಟ್ರಮ್ (ಯಾವ ಹರ್ಟ್ಜ್ ಎಷ್ಟು ಜೋರಿದೆ ಅನ್ನೋ ಚಿತ್ರ) ತೋರಿಸುವ ಆ್ಯಪ್ ತೆರೆದು ನೋಡಿ. ಫೋನನ್ನು ಒಂದೇ ಕಡೆ ಹಿಡಿಯಬೇಡಿ. ತಲೆ ಇರುವ ಜಾಗದ ಸುತ್ತ ನಿಧಾನವಾಗಿ ಆಡಿಸ್ತಾ ಸರಾಸರಿ ತಗೊಳ್ಳಿ. ಕಾರಿನೊಳಗೆ ಒಂದು ಗೇಣು ಆಚೀಚೆ ಆದರೂ ಚಿತ್ರ ಬದಲಾಗುತ್ತೆ. ಫೋನಿನ ಮೈಕ್ ಮಾಡಿರೋದು ಮಾತಿಗೆ, ಹಾಗಾಗಿ ತೀರಾ ಕೆಳಗಿನ ಬೇಸ್ ವಿಷಯದಲ್ಲಿ ಅದನ್ನು ಅಷ್ಟಾಗಿ ನೆಚ್ಚಬೇಡಿ.

ಈ ಚಿತ್ರದಲ್ಲಿ ಗುಡ್ಡಗಳೂ ಇರುತ್ತವೆ, ಗುಂಡಿಗಳೂ ಇರುತ್ತವೆ. ಗುಡ್ಡ ತಗ್ಗಿಸಿ. ಆಳವಾದ, ಕಿರಿದಾದ ಗುಂಡಿ ಕಂಡರೆ ಮುಟ್ಟಬೇಡಿ. ಅಲ್ಲಿ ಸ್ಪೀಕರಿಂದ ನೇರ ಬಂದ ಅಲೆಯೂ ಗಾಜಿಗೆ ತಾಗಿ ತಿರುಗಿದ ಅಲೆಯೂ ಎದುರುಬದುರಾಗಿ ಒಂದನ್ನೊಂದು ಅಳಿಸ್ತಿರುತ್ತವೆ. ಏರಿಸಿದರೆ ಎರಡೂ ಸಮನಾಗಿ ಏರುತ್ತವೆ, ಗುಂಡಿ ಹಾಗೇ ಉಳಿಯುತ್ತೆ. ತೂತು ಕೊಡಕ್ಕೆ ನೀರು ಸುರಿದ ಹಾಗೆ ಆಂಪಿನ ಶಕ್ತಿ ಸೋರಿಹೋಗುತ್ತೆ ಅಷ್ಟೇ. ಇನ್ನು, ನೇರ ಗೆರೆ ಬರಿಸಲು ಹೋಗಬೇಡಿ. ಬೇಸ್ ಕೆಲವು ಡೆಸಿಬೆಲ್ ಮೇಲಿದ್ದು ಟ್ರೆಬಲ್ ಕಡೆಗೆ ನಿಧಾನವಾಗಿ ಇಳಿಯುವ ಗೆರೆ ಕಾರಿನಲ್ಲಿ ಹಿತವಾಗಿರುತ್ತೆ. ಅಷ್ಟರ ಮಟ್ಟಿಗೆ ಬೇಸ್‌ಪ್ರಿಯ ಅವರ ಮಾತು ಸರಿ.

ಸ್ಕ್ರೂಡ್ರೈವರ್
ಈಕ್ವಲೈಸರ್ ಮುಟ್ಟುವ ಮೊದಲು ಬಾಗಿಲು ನೋಡಿ ಅಂತ ಯಾರೂ ಹೇಳಲಿಲ್ಲವಲ್ಲ! ಸ್ಪೀಕರಿನ ಮುಂದೆ ಹೊರಡುವ ಅಲೆಗೂ ಹಿಂದೆ ಹೊರಡುವ ಅಲೆಗೂ ನಡುವೆ ತಡೆ ಇರಬೇಕು. ಬಾಗಿಲಿನ ಒಳತಗಡಿನಲ್ಲಿ ದೊಡ್ಡ ತೂತುಗಳಿದ್ದರೆ, ಸ್ಪೀಕರಿನ ಅಂಚು ಸರಿಯಾಗಿ ಕೂರದಿದ್ದರೆ ಎರಡೂ ಸೇರಿ ಬೇಸ್ ಸತ್ತುಹೋಗುತ್ತೆ. ಅದನ್ನು ಮುಚ್ಚಿ, ತಗಡು ಅದುರದ ಹಾಗೆ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ಸಿಗುವ ಬೇಸ್ ಯಾವ ಬಟನ್ನಿಂದಲೂ ಸಿಗಲ್ಲ.

ಹೊಸಕಿವಿ ಅವರೇ, ಮುಂದಿನ ಸ್ಪೀಕರ್ ಬದಲಾಯಿಸಿದ್ದೀರಿ ಅಂದ್ರಿ. ಒಂದು ಪರೀಕ್ಷೆ ಮಾಡಿ. ಫೇಡರ್ (ದನಿಯನ್ನು ಮುಂದಿನ, ಹಿಂದಿನ ಸ್ಪೀಕರಿಗೆ ಹಂಚುವ ಸೆಟ್ಟಿಂಗ್) ಪೂರ್ತಿ ಮುಂದಕ್ಕೆ ತನ್ನಿ. ಬೇಸ್ ಚೆನ್ನಾಗಿರುವ ಹಾಡು ಹಾಕಿ, ಬ್ಯಾಲೆನ್ಸ್ ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿ ಕೇಳಿ, ಆಮೇಲೆ ನಡುವಿಗೆ ತನ್ನಿ. ಎರಡೂ ಸ್ಪೀಕರ್ ಸೇರಿದಾಗ ಬೇಸ್ ದಪ್ಪವಾಗಬೇಕು. ತೆಳುವಾದರೆ ಒಂದು ಸ್ಪೀಕರಿನ ಪ್ಲಸ್ ಮೈನಸ್ ತಿರುಗುಮುರುಗಾಗಿದೆ ಅಂತ ಅರ್ಥ.

ಹೊಸಕಿವಿ
ಈಗಷ್ಟೇ ಮಾಡಿ ನೋಡಿದೆ. ಒಂದು ಪಕ್ಕ ಮಾತ್ರ ಇದ್ದಾಗ ಡ್ರಮ್ಮಿನ ಹೊಡೆತ ಗಟ್ಟಿಯಾಗಿದೆ, ನಡುವಿಗೆ ತಂದರೆ ಪೊಳ್ಳು. ಹಾಡುವವರ ದನಿಯೂ ಎಲ್ಲಿಂದ ಬರ್ತಿದೆ ಅಂತ ಹೇಳೋಕಾಗ್ತಿಲ್ಲ. ನನ್ನ ಸೀಟು ಒಂದು ಸ್ಪೀಕರಿಗೆ ಹತ್ತಿರ, ಇನ್ನೊಂದಕ್ಕೆ ದೂರ ಅನ್ನೋ ಕಾರಣಕ್ಕೂ ಹೀಗಾಗಬಹುದಾ?

ತಾರಸ್ಥಾಯಿ
ದೂರದ ವ್ಯತ್ಯಾಸಕ್ಕೂ ಅಳಿಸುವ ಗುಣ ಇದೆ, ಆದರೆ ಇಷ್ಟು ಕೆಳಗಲ್ಲ. ಎರಡು ಸ್ಪೀಕರಿಗೂ ನಿಮಗೂ ಇರುವ ದೂರದಲ್ಲಿ ಅರ್ಧ ಮೀಟರ್ ವ್ಯತ್ಯಾಸ ಅಂದುಕೊಳ್ಳಿ. ಶಬ್ದ ಸೆಕೆಂಡಿಗೆ 343 ಮೀಟರ್ ಓಡುತ್ತೆ. ಅರ್ಧ ಅಲೆ ಅರ್ಧ ಮೀಟರ್ ಆಗೋದು ಸುಮಾರು 340 ಹರ್ಟ್ಜ್‌ನಲ್ಲಿ, ಅಲ್ಲೊಂದು ಗುಂಡಿ ಬೀಳಬಹುದು. ಅದಕ್ಕೆ ಸ್ಟೀರಿಯೊದಲ್ಲಿ ಟೈಮ್ ಅಲೈನ್‌ಮೆಂಟ್ ಇದ್ದರೆ ಹತ್ತಿರದ ಸ್ಪೀಕರನ್ನು ಸುಮಾರು ಒಂದೂವರೆ ಮಿಲಿಸೆಕೆಂಡ್ ತಡಮಾಡಿ. ಆದರೆ 60ರಿಂದ 100 ಹರ್ಟ್ಜ್‌ನ ಅಲೆ ಮೂರೂವರೆಯಿಂದ ಆರು ಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ಅರ್ಧ ಮೀಟರ್ ಲೆಕ್ಕಕ್ಕೇ ಇಲ್ಲ. ನಿಮ್ಮದು ವೈರಿನ ಸಮಸ್ಯೆಯೇ. ಸ್ಕ್ರೂಡ್ರೈವರ್ ಅವರು ಸರಿಯಾದ ಜಾಗಕ್ಕೆ ಕೈ ಹಾಕಿದರು.

ಸ್ಕ್ರೂಡ್ರೈವರ್
ಒಂದೇ ಒಂದು ಸ್ಪೀಕರಿನ ಎರಡು ವೈರ್ ಅದಲು ಬದಲು ಮಾಡಿ, ಎರಡರದ್ದೂ ಅಲ್ಲ. ಬೇಸ್ ಅಳಿಸಿಹೋಗ್ತಿದ್ದದ್ದಕ್ಕೇ 60 ಹರ್ಟ್ಜ್ ಪೂರ್ತಿ ಏರಿಸುವ ಹಾಗಾಗಿದೆ. ಈಗ ಅದನ್ನು ಸೊನ್ನೆಗೆ ತಂದು ಕೇಳಿ.

ಬೇಸ್‌ಪ್ರಿಯ
ವೈರ್ ಸರಿಮಾಡಿ, ಅದಕ್ಕೆ ನನ್ನ ತಕರಾರಿಲ್ಲ. ಆದರೂ ಓಡುವ ಗಾಡಿಗೆ ಬೇಸ್ ಸ್ವಲ್ಪ ಜಾಸ್ತಿ ಬೇಕೇ ಬೇಕು. ನನ್ನ ಪದ್ಧತಿ ಎರಡು ಪ್ರಿಸೆಟ್ (ಮೊದಲೇ ಉಳಿಸಿಟ್ಟ ಸೆಟ್ಟಿಂಗ್): ಒಂದು ನಿಂತಾಗ, ಇನ್ನೊಂದು ಹೆದ್ದಾರಿಗೆ. ಹೆದ್ದಾರಿಯದ್ದರಲ್ಲಿ 100 ಹರ್ಟ್ಜ್ ಆಸುಪಾಸು 3 ಡೆಸಿಬೆಲ್ ಮೇಲೆ.

ಅಳತೆಗೋಲು
100 ಹರ್ಟ್ಜ್ ಅಂದಿದ್ದು ಸರಿಯಾಗಿದೆ. ಅಷ್ಟೇ ಜೋರು ಬರಬೇಕಾದರೆ 100ಕ್ಕಿಂತ 50 ಹರ್ಟ್ಜ್‌ನಲ್ಲಿ ಸ್ಪೀಕರಿನ ಕೋನ್ (ಅದುರುವ ಪರದೆ) ನಾಲ್ಕರಷ್ಟು ಮುಂದಕ್ಕೂ ಹಿಂದಕ್ಕೂ ಓಡಬೇಕು. ಬಾಗಿಲಿನ ಸ್ಪೀಕರಿಗೆ ಅದು ಆಗದ ಕೆಲಸ. ಹೈಪಾಸ್ ಫಿಲ್ಟರ್ ಇದ್ದರೆ 60 ಹರ್ಟ್ಜ್‌ನ ಕೆಳಗಿನದನ್ನು ತಡೆದುಬಿಡಿ, ಮೇಲಿನ ಬೇಸ್ ಸ್ವಚ್ಛವಾಗುತ್ತೆ. ಆದರೆ ಹೆದ್ದಾರಿಯ ಸದ್ದನ್ನು ಗೆಲ್ಲಲು ವಾಲ್ಯೂಮ್ ಏರಿಸ್ತಾ ಹೋಗೋದು ನನಗೆ ಇಷ್ಟವಿಲ್ಲ. 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ, ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧ ಅನ್ನೋದು ಶ್ರವಣ ಸುರಕ್ಷತೆಯ ಲೆಕ್ಕ. ಕಿಟಕಿ ಏರಿಸಿದರೆ ಸಿಗುವ ಲಾಭ ಬಟನ್ನಿಗಿಂತ ದೊಡ್ಡದು.

ಹೊಸಕಿವಿ
ವೈರ್ ನಾಳೆ ಬದಲಿಸ್ತೀನಿ. ಚುಚ್ಚುವ ಸಕಾರಕ್ಕೆ ಏನು ಮಾಡಲಿ? 10 ಕಿಲೋಹರ್ಟ್ಜ್ ಸೊನ್ನೆಗೆ ತಂದ ಮೇಲೂ ಸ್ವಲ್ಪ ಉಳಿದಿದೆ.

ತಾರಸ್ಥಾಯಿ
ಅದು ಬಹುತೇಕ 5ರಿಂದ 8 ಕಿಲೋಹರ್ಟ್ಜ್ ನಡುವೆ ಇರುತ್ತೆ. ವಾಲ್ಯೂಮ್ ತಗ್ಗಿಸಿಕೊಂಡು, ಚುಚ್ಚುವ ಹಾಡನ್ನೇ ಹಾಕಿ, ಹತ್ತಿರದ ಬ್ಯಾಂಡ್‌ಗಳನ್ನು ಒಂದೊಂದಾಗಿ ಏರಿಸಿ ನೋಡಿ. ಯಾವುದನ್ನು ಏರಿಸಿದಾಗ ಕೇಳಲಾಗದಷ್ಟು ಕರ್ಕಶವಾಗುತ್ತೋ ಅದನ್ನೇ ಸೊನ್ನೆಯಿಂದ 2 ಅಥವಾ 3 ಡೆಸಿಬೆಲ್ ಕೆಳಗಿಡಿ. ಬಾಗಿಲು ಗುಂಯ್ ಅನ್ನೋದಿದ್ದರೆ 200, 250 ಹರ್ಟ್ಜ್ ಕಡೆಗೂ ಇದೇ ರೀತಿ ಹುಡುಕಬಹುದು. ಇದನ್ನೆಲ್ಲ ಗಾಡಿ ನಿಲ್ಲಿಸಿಕೊಂಡೇ ಮಾಡಿ.

ಅಳತೆಗೋಲು
ಒಂದು ಮಾತು ಸೇರಿಸ್ತೀನಿ. ಈಕ್ವಲೈಸರ್ ಆನ್, ಆಫ್ ಮಾಡಿ ಹೋಲಿಸುವಾಗ ಎರಡರ ಜೋರನ್ನೂ ಸಮ ಮಾಡಿಕೊಳ್ಳಿ. ಇಳಿಸಿದ ಸೆಟ್ಟಿಂಗ್ ಸ್ವಲ್ಪ ಸಣ್ಣಗೆ ಕೇಳುತ್ತೆ, ಜೋರಾಗಿರುವುದೇ ಉತ್ತಮ ಅಂತ ಕಿವಿ ತೀರ್ಪು ಕೊಟ್ಟುಬಿಡುತ್ತೆ. ಒಂದೆರಡು ಗೆರೆ ವಾಲ್ಯೂಮ್ ಏರಿಸಿ ಹೋಲಿಸಿ, ಆಮೇಲೆ ಯಾವುದು ಬೇಕೋ ಸೇವ್ ಮಾಡಿ.