ಸಹಾಯ ಬೇಕು: ಸ್ವಿಫ್ಟ್‌ಗೆ 15 ಇಂಚಿನ ಅಲಾಯ್, ಆಫ್‌ಸೆಟ್ ಗೊಂದಲ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದವನು, ಕೆಲಸದ ನಿಮಿತ್ತ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಿನವೂ ದಾವಣಗೆರೆಗೆ ಹೋಗಿಬರುತ್ತೇನೆ. ನನ್ನ 2018ರ ಸ್ವಿಫ್ಟ್ ಕಾರಿನ 165/80 ಆರ್14 (ಅಂದರೆ 165 ಮಿ.ಮೀ. ಅಗಲ, ಅದರ ಶೇ. 80ರಷ್ಟು ಪಕ್ಕದ ಎತ್ತರ, 14 ಇಂಚಿನ ಚಕ್ರ) ಟೈರುಗಳು ಸವೆದಿದ್ದು, ಮುಂದಿನ ಎಡ ಟೈರಿನ ತೋಡಿನಲ್ಲಿರುವ ಸವೆತದ ಗುರುತು ರಬ್ಬರಿನ ಮಟ್ಟಕ್ಕೇ ಬಂದುಬಿಟ್ಟಿದೆ. ಹೇಗೂ ಬದಲಾಯಿಸಬೇಕಾಗಿರುವುದರಿಂದ 15 ಇಂಚಿನ ಅಲಾಯ್ ಚಕ್ರಗಳನ್ನೇ ಹಾಕಿಸುವ ಆಲೋಚನೆಯಿದೆ.

ಒಂದು ಅಂಗಡಿಯವರು 195/65 ಆರ್15 ಎಂದರು, ಇನ್ನೊಂದು ಅಂಗಡಿಯವರು 185/65 ಆರ್15 ಎಂದರು. ನಾನೇ ಕುಳಿತು ಲೆಕ್ಕ ಹಾಕಿದಾಗ, ಈಗಿನ ಟೈರಿನ ಒಟ್ಟು ವ್ಯಾಸ ಸುಮಾರು 620 ಮಿ.ಮೀ., 185/65ರದ್ದು 621.5, ಆದರೆ 195/65ರದ್ದು 634.5 ಎಂದು ಬಂತು. ವ್ಯಾಸ ಶೇ. 2ಕ್ಕಿಂತ ಹೆಚ್ಚಾದರೆ ಸ್ಪೀಡೋಮೀಟರ್ ಕೂಡ ಅಷ್ಟೇ ಕಡಿಮೆ ತೋರಿಸುವುದರಿಂದ, 185/65 ಎಂದೇ ತೀರ್ಮಾನಿಸಿದ್ದೇನೆ.

ನಾನು ಸಿಕ್ಕಿಹಾಕಿಕೊಂಡಿರುವುದು ಚಕ್ರದ ವಿಷಯದಲ್ಲಿ. ಬೋಲ್ಟ್ ಅಳತೆ 4x100 (100 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟ್) ಸರಿಹೊಂದುತ್ತದೆ. ಆದರೆ ಸಿಗುತ್ತಿರುವ ಅಲಾಯ್ 6 ಇಂಚು ಅಗಲವಿದ್ದು, ನನ್ನ 5 ಇಂಚಿನ ಸ್ಟೀಲ್ ಚಕ್ರಕ್ಕಿಂತ ಅದರ ಆಫ್‌ಸೆಟ್ (ಚಕ್ರದ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖಕ್ಕಿರುವ ದೂರ; ಇದು ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ) 10 ಮಿ.ಮೀ. ಕಡಿಮೆಯಿದೆ. ಅಗಲ ಮತ್ತು ಆಫ್‌ಸೆಟ್ ಎರಡನ್ನೂ ಸೇರಿಸಿದರೆ ಚಕ್ರದ ಹೊರ ಅಂಚು ಸುಮಾರು 23 ಮಿ.ಮೀ. ಆಚೆ ಬರುತ್ತದೆ. ಅಂಗಡಿಯವರು ಏನೂ ಆಗುವುದಿಲ್ಲ ಎನ್ನುತ್ತಾರೆ. ಅಪ್ಪ ಅಮ್ಮ ಹಿಂದೆ ಕೂರುವ ಕಾರಾದ್ದರಿಂದ ನನಗೆ ಅಷ್ಟು ಧೈರ್ಯ ಬರುತ್ತಿಲ್ಲ.

ಇದೇ ಕಾರಿಗೆ ಇಂತಹ ಚಕ್ರ ಹಾಕಿಸಿರುವವರು ದಯವಿಟ್ಟು ತಿಳಿಸಿ: ಐದು ಜನ ಕುಳಿತು ಹಂಪ್ ಇಳಿಯುವಾಗ ಟೈರು ಫೆಂಡರಿಗೆ ತಾಗುತ್ತದೆಯೇ, ಬೇರಿಂಗ್ ಬೇಗ ಹಾಳಾಗುತ್ತದೆಯೇ, ಅಥವಾ ಮೂಲ ಆಫ್‌ಸೆಟ್ಟಿನ ಚಕ್ರ ಸಿಗುವವರೆಗೆ ಕಾಯುವುದೇ ಸರಿಯೇ?